ಮಾಸ್ಟರ್ ಲೋಹಿತ್ ಚಿತ್ರಗಳು ಮನೆಯ ಪರದೆಯಲ್ಲಿ: ಹಳೆಯ ಪ್ರಿಂಟುಗಳ ಒಂದು ವಿಮರ್ಶೆ

ಪುನೀತ್ ರಾಜ್‌ಕುಮಾರ್ ಅವರು ನಾಯಕನಟರಾಗಿ ತೆರೆಗೆ ಬಂದದ್ದು 2002ರ ‘ಅಪ್ಪು’ ಚಿತ್ರದಿಂದ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದಕ್ಕೂ ಮೊದಲೇ ಅವರು ಹನ್ನೆರಡಕ್ಕೂ ಹೆಚ್ಚು ಚಿತ್ರಗಳಲ್ಲಿ ಕಾಣಿಸಿಕೊಂಡು, ಸ್ವಂತ ಕಂಠದಲ್ಲಿ ಹಾಡಿ, ರಾಷ್ಟ್ರಪ್ರಶಸ್ತಿ ಪಡೆದು, ಹದಿನಾಲ್ಕರ ಹೊತ್ತಿಗೆ ಒಂದು ಪೂರ್ಣ ವೃತ್ತಿಜೀವನವನ್ನೇ ಮುಗಿಸಿದ್ದರು. ಮಾಸ್ಟರ್ ಲೋಹಿತ್ ಎಂಬ ಹೆಸರಿನಲ್ಲಿ ಆರಂಭವಾದ ಆ ಬಾಲನಟನ ಕೆಲಸವನ್ನು ಮನೆಯಲ್ಲಿ ಕುಳಿತು ನೋಡಬೇಕೆಂದರೆ ಇಂದು ಏನು ಸಿಗುತ್ತದೆ, ಸಿಕ್ಕಿದ್ದು ಎಷ್ಟರಮಟ್ಟಿಗೆ ನೋಡುವಂತಿದೆ, ಕೊಟ್ಟ ಚಂದಾಹಣಕ್ಕೆ ತಕ್ಕ ಸೇವೆ ದೊರೆಯುತ್ತದೆಯೇ ಎಂಬುದು ಈ ವಿಮರ್ಶೆಯ ವಿಷಯ.

ನೋಡುವ ದಾರಿಗಳು ಸದ್ಯಕ್ಕೆ ಮೂರು. ಒಂದು, ಹಳೆಯ ಕನ್ನಡ ಚಿತ್ರಗಳಿಗೆಂದು ಪ್ರತ್ಯೇಕ ವಿಭಾಗ ಇಟ್ಟುಕೊಂಡಿರುವ, ಚಂದಾ ಕಟ್ಟಿ ನೋಡುವ ಓಟಿಟಿ ಆ್ಯಪ್. ಎರಡು, ಯೂಟ್ಯೂಬಿನಲ್ಲಿ ಜಾಹೀರಾತುಗಳ ನಡುವೆ ಉಚಿತವಾಗಿ ಸಿಗುವ ಪ್ರತಿಗಳು. ಮೂರು, ಹಳೆಯ ಅಂಗಡಿಗಳಲ್ಲೋ ಪರಿಚಿತರ ಬೀರುವಿನಲ್ಲೋ ಉಳಿದುಕೊಂಡಿರುವ ವಿಸಿಡಿ ಮತ್ತು ಡಿವಿಡಿಗಳು. ನಾನು ಚಂದಾ ಕಟ್ಟಿದ ಆ್ಯಪ್‌ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಕಂಡ ದೋಷಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಇರುವಂಥವು; ಒಬ್ಬರನ್ನು ಹೆಸರಿಸಿ ಉಳಿದವರನ್ನು ಬಿಟ್ಟರೆ ಅದು ನ್ಯಾಯವಾಗದು.

ಮೊದಲು ಆ್ಯಪ್‌ನ ವಿಷಯ. ಹುಡುಕುವ ಪಟ್ಟಿಯಲ್ಲಿ ‘ಲೋಹಿತ್’ ಎಂದು ಬರೆದರೆ ಏನೂ ಬರುವುದಿಲ್ಲ. ‘ಪುನೀತ್’ ಎಂದು ಬರೆದಾಗ ತೆರೆದುಕೊಳ್ಳುವ ನಟನ ಪುಟ ‘ಅಪ್ಪು’ವಿನಿಂದ ಆರಂಭವಾಗಿ 2022ರ ‘ಜೇಮ್ಸ್’ವರೆಗೆ ಸಾಗುತ್ತದೆ, 1989ಕ್ಕೆ ಹಿಂದಿನ ಯಾವ ಚಿತ್ರವೂ ಅದರಲ್ಲಿಲ್ಲ. ಆ ಚಿತ್ರಗಳು ಆ್ಯಪ್‌ನಲ್ಲಿಯೇ ಇಲ್ಲವೆಂದಲ್ಲ, ಅವೆಲ್ಲ ಡಾ. ರಾಜ್‌ಕುಮಾರ್ ಅವರ ಪುಟದಲ್ಲಿವೆ. ತಂದೆ ನಾಯಕನಾಗಿರುವ ಚಿತ್ರ ತಂದೆಯ ಪುಟದಲ್ಲಿರುವುದು ಸಹಜವೇ. ಆದರೆ ‘ಎರಡು ನಕ್ಷತ್ರಗಳು’ ಚಿತ್ರದಲ್ಲಿ ದ್ವಿಪಾತ್ರ ಮಾಡಿದ ಹುಡುಗನ ಹೆಸರು ಆ ಚಿತ್ರದ ತಾರಾಗಣದಲ್ಲಿ ಕೊನೆಯ ಸಾಲಿನಲ್ಲಿಯೂ ಇಲ್ಲವೆಂದರೆ, ಪಟ್ಟಿ ಮಾಡಿದವರು ಚಿತ್ರವನ್ನು ನೋಡದೆಯೇ ಪಟ್ಟಿ ಮಾಡಿದ್ದಾರೆ ಎಂದೇ ಅರ್ಥ. ಇದಕ್ಕೆ ತದ್ವಿರುದ್ಧವಾದ ತಪ್ಪು ಉಚಿತ ಪ್ರತಿಗಳಲ್ಲಿದೆ. ಅಲ್ಲಿ ಏಳೆಂಟು ವರ್ಷದ ಹುಡುಗ ನಟಿಸಿರುವ ಚಿತ್ರದ ಮುಖಚಿತ್ರಕ್ಕೆ ಮೀಸೆ ಬಂದ, ಕಪ್ಪು ಕನ್ನಡಕ ತೊಟ್ಟ ಪವರ್ ಸ್ಟಾರ್‌ನ ಭಾವಚಿತ್ರ ಅಂಟಿಸಿರುತ್ತಾರೆ. ಒಂದು ಕಡೆ ಮಗು ಕಾಣೆಯಾಗಿದೆ, ಇನ್ನೊಂದು ಕಡೆ ಮಗುವಿನ ಜಾಗದಲ್ಲಿ ದೊಡ್ಡವನು ನಿಂತಿದ್ದಾನೆ.

ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕಲಾಗದು. ಬಾಲನಟನೊಬ್ಬ ಮುಂದೆ ದೊಡ್ಡ ತಾರೆಯಾದಾಗ, ಅವನ ಬಾಲ್ಯದ ಚಿತ್ರಗಳನ್ನು ನಾವು ಬೆಳೆಯುವ ಪೈರಿನ ಮೊಳಕೆಯನ್ನು ನೋಡಿದ ಹಾಗೆ, ‘ಆಗಲೇ ಹೀಗಿದ್ದ ನೋಡಿ’ ಎಂದು ನೋಡತೊಡಗುತ್ತೇವೆ. ಆ ದೃಷ್ಟಿಯಲ್ಲಿ ಪ್ರೀತಿಯಿದೆ. ಆದರೆ ನಟನೆಯನ್ನು ನಟನೆಯೆಂದು ನೋಡುವ ತಾಳ್ಮೆ ಅದರಲ್ಲಿಲ್ಲ. ನನ್ನ ಅಭಿಪ್ರಾಯದಲ್ಲಿ ಲೋಹಿತ್ ಎಂಬ ಬಾಲನಟನ ಕೆಲಸವು ಮುಂದಿನ ಪುನೀತ್‌ಗೆ ಪೀಠಿಕೆಯಾಗಿ ನೋಡಬೇಕಾದ್ದಲ್ಲ. ಆತ ‘ಅಪ್ಪು’ ಚಿತ್ರವನ್ನು ಎಂದೂ ಮಾಡದಿದ್ದರೂ ಆ ಕೆಲಸ ಉಳಿಯುವಂಥದ್ದಾಗಿತ್ತು. ಈ ಮಾತು ನಿಜವೋ ಅಲ್ಲವೋ ಎಂದು ನೋಡುಗರು ತಾವೇ ತೀರ್ಮಾನಿಸಬೇಕಾದರೆ ಪ್ರತಿಗಳು ನೆಟ್ಟಗಿರಬೇಕು. ತೊಡಕು ಆರಂಭವಾಗುವುದು ಅಲ್ಲಿಂದಲೇ.

1975ರ ಮಾರ್ಚ್ 17ರಂದು ಚೆನ್ನೈಯಲ್ಲಿ ಹುಟ್ಟಿದ ಲೋಹಿತ್, ಕೈಗೂಸಾಗಿದ್ದಾಗಲೇ ‘ಪ್ರೇಮದ ಕಾಣಿಕೆ’ (1976) ಚಿತ್ರದಲ್ಲಿ ಕಾಣಿಸಿಕೊಂಡಿದ್ದರು. ಅದನ್ನೂ ಅದರ ಬೆನ್ನಿಗೆ ಬಂದ ಒಂದೆರಡು ಚಿತ್ರಗಳನ್ನೂ ನಟನೆಯ ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ. ‘ವಸಂತ ಗೀತ’ (1980) ಚಿತ್ರದಿಂದ ಹುಡುಗನಿಗೆ ಮಾತು, ಚಲನೆ, ಕಥೆಯಲ್ಲಿ ಒಂದು ಸ್ಥಾನ ದೊರೆಯುತ್ತವೆ. ಅಲ್ಲಿಂದ ‘ಬೆಟ್ಟದ ಹೂವು’ (1985) ವರೆಗಿನ ಐದಾರು ವರ್ಷಗಳೇ ಈ ವೃತ್ತಿಜೀವನದ ತಿರುಳು. 1988ರ ‘ಶಿವ ಮೆಚ್ಚಿದ ಕಣ್ಣಪ್ಪ’ದಲ್ಲಿ ಅಣ್ಣ ಶಿವರಾಜ್‌ಕುಮಾರ್ ಅವರ ಬಾಲ್ಯದ ಪಾತ್ರ, 1989ರ ‘ಪರಶುರಾಮ್’ನಲ್ಲಿ ಒಂದು ಪಾತ್ರ, ಆಮೇಲೆ ಹದಿಮೂರು ವರ್ಷಗಳ ಬಿಡುವು.

ಪ್ರತಿಗಳ ದೊಡ್ಡ ದೋಷ ಚೌಕಟ್ಟಿನದು. ಈ ಚಿತ್ರಗಳಲ್ಲಿ ಹಲವು ಇಂದು ಓಡಾಡುತ್ತಿರುವುದು ಹಿಂದೆ ವಿಡಿಯೊ ಟೇಪಿಗೆಂದು 4:3 ಆಕಾರದಲ್ಲಿ (ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು) ಇಳಿಸಿಕೊಂಡ ಪ್ರತಿಗಳ ರೂಪದಲ್ಲಿ. ಈಗಿನ ಟಿವಿಯ ಪರದೆ 16:9. ಹಳೆಯ ಚಿತ್ರವನ್ನು ಹಾಗೆಯೇ ಹಾಕಿದರೆ ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ. ಅದು ನೋಡುಗರಿಗೆ ಹಿಡಿಸದು ಎಂದುಕೊಂಡು ಸೇವೆಯವರು ಚಿತ್ರವನ್ನು ಹಿಗ್ಗಿಸಿ ಪರದೆ ತುಂಬಿಸುತ್ತಾರೆ. ಹಾಗೆ ಹಿಗ್ಗಿಸಿದಾಗ ಚೌಕಟ್ಟಿನ ಎತ್ತರದಲ್ಲಿ ಕಾಲುಭಾಗ ಕತ್ತರಿಸಿಹೋಗುತ್ತದೆ. ಇಬ್ಬರು ದೊಡ್ಡವರು ಎದುರುಬದುರು ನಿಂತು ಮಾತನಾಡುವ ದೃಶ್ಯದಲ್ಲಿ ಈ ನಷ್ಟ ಅಷ್ಟಾಗಿ ಕಣ್ಣಿಗೆ ಬೀಳದು. ಆದರೆ ರಾಜ್‌ಕುಮಾರ್ ಅವರ ಪಕ್ಕದಲ್ಲಿ ಅವರ ಸೊಂಟದೆತ್ತರದ ಹುಡುಗ ನಿಂತಿರುವ ದೃಶ್ಯವನ್ನು ಯೋಚಿಸಿ. ಛಾಯಾಗ್ರಾಹಕರು ತಂದೆಯ ಮುಖವನ್ನು ಚೌಕಟ್ಟಿನ ಮೇಲಂಚಿಗೂ ಮಗನ ಮುಖವನ್ನು ಕೆಳ ಅಂಚಿಗೂ ಇಟ್ಟು ಅಳತೆ ಮಾಡಿ ಸಂಯೋಜಿಸಿದ್ದ ಚಿತ್ರದಲ್ಲಿ, ಮೇಲಿನದನ್ನು ಉಳಿಸಿಕೊಂಡರೆ ಹುಡುಗನ ಗಲ್ಲ, ಬಾಯಿ ಹೋಗುತ್ತವೆ. ಕೆಳಗಿನದನ್ನು ಉಳಿಸಿಕೊಂಡರೆ ರಾಜ್‌ಕುಮಾರ್ ಅವರ ಹಣೆ ಹೋಗುತ್ತದೆ. ಸೇವೆಯವರು ಯಾರನ್ನು ಉಳಿಸುತ್ತಾರೆ ಎಂಬುದನ್ನು ಹೇಳಬೇಕಾಗಿಲ್ಲ. ಇದರ ಮೇಲೆ, ತಮ್ಮ ಲಾಂಛನವನ್ನು ಕೆಳಗಿನ ಬಲಮೂಲೆಯಲ್ಲಿ ಒತ್ತುವ ಅಭ್ಯಾಸ ಬೇರೆ. ಬಾಲನಟನ ಮುಖ ಹೆಚ್ಚು ಹೊತ್ತು ಇರುವುದೇ ಆ ಎತ್ತರದಲ್ಲಿ.

‘ಭಕ್ತ ಪ್ರಹ್ಲಾದ’ (1983) ಈ ದೋಷಕ್ಕೆ ಎಲ್ಲಕ್ಕಿಂತ ಹೆಚ್ಚು ಬಲಿಯಾಗಿರುವ ಚಿತ್ರ. ವಿಜಯ್ ನಿರ್ದೇಶನದ ಈ ಪೌರಾಣಿಕ ಚಿತ್ರದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಸರಿತಾ ಕಯಾದು, ಅನಂತ್ ನಾಗ್ ನಾರದ, ಪುನೀತ್ ಪ್ರಹ್ಲಾದ. ಇಡೀ ಕಥೆ ನಿಂತಿರುವುದೇ ಗಾತ್ರದ ವ್ಯತ್ಯಾಸದ ಮೇಲೆ: ಕಿರೀಟ, ಭುಜಕೀರ್ತಿ, ಗದೆಗಳೊಂದಿಗೆ ಚೌಕಟ್ಟನ್ನೆಲ್ಲ ತುಂಬಿಕೊಳ್ಳುವ ತಂದೆ, ಅವನೆದುರು ಕೈಮುಗಿದು ನಿಲ್ಲುವ ಪುಟ್ಟ ಮಗ. ರಾಜ್‌ಕುಮಾರ್ ಅವರದು ರಂಗಭೂಮಿಯಲ್ಲಿ ಪಳಗಿದ ಕಂಠ. ಅವರು ‘ಎಲ್ಲಿದ್ದಾನೆ ನಿನ್ನ ಹರಿ’ ಎಂಬ ಧಾಟಿಯಲ್ಲಿ ಗರ್ಜಿಸುವಾಗ ಎದುರಿಗಿರುವ ಯಾವ ಸಹನಟನಾದರೂ ದನಿ ಏರಿಸಿ ಸರಿಗಟ್ಟಲು ಹವಣಿಸುವುದು ಸಹಜ. ಹುಡುಗ ಹಾಗೆ ಮಾಡುವುದಿಲ್ಲ. ಆತ ದನಿಯನ್ನು ಏರಿಸದೆ, ಹಟವನ್ನೂ ತೋರಿಸದೆ, ತನಗೆ ಗೊತ್ತಿರುವ ಸರಳ ಸಂಗತಿಯೊಂದನ್ನು ತಂದೆಗೆ ತಿಳಿಸುವವನಂತೆ ಉತ್ತರಿಸುತ್ತಾನೆ. ಪೌರಾಣಿಕ ಚಿತ್ರಗಳಲ್ಲಿ ಭಕ್ತ ಬಾಲಕರು ಸಾಮಾನ್ಯವಾಗಿ ಬಾಯಿಪಾಠ ಒಪ್ಪಿಸುವ ಶಾಲಾಮಕ್ಕಳಂತೆ ಕಾಣುವುದೇ ಹೆಚ್ಚು. ಈ ಪ್ರಹ್ಲಾದ ಮಾತ್ರ ಎದುರಿನವರ ಮಾತನ್ನು ಕೇಳಿಸಿಕೊಂಡು ಆಮೇಲೆ ಮಾತನಾಡುತ್ತಾನೆ. ಕೇಳಿಸಿಕೊಳ್ಳುವುದು ಮುಖದಲ್ಲಿ ಕಾಣುವಂಥದ್ದು; ಆ ಮುಖವೇ ಕತ್ತರಿಗೆ ಸಿಕ್ಕಿದ ಪ್ರತಿಯಲ್ಲಿ ಚಿತ್ರ ಬರೀ ಗರ್ಜನೆಯಾಗಿ ಉಳಿಯುತ್ತದೆ.

ಈ ಚಿತ್ರದ ಮಟ್ಟಿಗೆ ಉಚಿತ ಪ್ರತಿಯೇ ಚಂದಾ ಪ್ರತಿಗಿಂತ ಮೇಲು. ಅದರಲ್ಲಿ ಬಣ್ಣ ಮಾಸಿದೆ, ಕೆಂಪು ಮತ್ತು ನೇರಳೆಯ ಛಾಯೆ ಎಲ್ಲವನ್ನೂ ಆವರಿಸಿದೆ, ಅಲ್ಲಲ್ಲಿ ಗೀರುಗಳಿವೆ. ಆದರೆ ಚೌಕಟ್ಟನ್ನು ಕತ್ತರಿಸಿಲ್ಲ. ಮಾಸಿದ ಬಣ್ಣಕ್ಕೆ ಕಣ್ಣು ಒಂದೆರಡು ರೀಲಿನಷ್ಟು ಹೊತ್ತಿನಲ್ಲಿ ಒಗ್ಗಿಕೊಳ್ಳುತ್ತದೆ. ಕತ್ತರಿಸಿದ ಮುಖಕ್ಕೆ ಒಗ್ಗಿಕೊಳ್ಳಲು ಬರುವುದಿಲ್ಲ. ಜಾಹೀರಾತುಗಳು ಮಾತ್ರ ಎಲ್ಲಿ ಬೇಕೆಂದರಲ್ಲಿ ಬರುತ್ತವೆ. ಕಂಬದಿಂದ ನರಸಿಂಹ ಹೊರಬರುವ ಘಳಿಗೆಯಲ್ಲಿ ಗೃಹಸಾಲದ ಜಾಹೀರಾತು ಬಂದರೆ ಯಾವ ಭಕ್ತಿಯೂ ನಿಲ್ಲದು.

‘ಎರಡು ನಕ್ಷತ್ರಗಳು’ (1983) ಚಿತ್ರದ ಬಗ್ಗೆ ತಾಂತ್ರಿಕವಾಗಿ ಒಂದು ಮಾತು ಹೇಳಬೇಕು. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿದ ಈ ಚಿತ್ರದಲ್ಲಿ ಎಂಟು ವರ್ಷದ ಹುಡುಗನದು ದ್ವಿಪಾತ್ರ. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಆ ದಿನಗಳಲ್ಲಿ ಒಬ್ಬ ನಟ ತನ್ನೊಂದಿಗೆ ತಾನೇ ಒಂದೇ ಚೌಕಟ್ಟಿನಲ್ಲಿ ಕಾಣಬೇಕೆಂದರೆ, ಲೆನ್ಸಿನ ಅರ್ಧಭಾಗವನ್ನು ಮರೆಮಾಡಿ ಒಂದು ಪಾತ್ರವನ್ನು ಚಿತ್ರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಉಳಿದರ್ಧವನ್ನು ಮರೆಮಾಡಿ ಇನ್ನೊಂದು ಪಾತ್ರವನ್ನು ಚಿತ್ರಿಸುವುದು ರೂಢಿಯಲ್ಲಿದ್ದ ವಿಧಾನ. ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ನಟ ಬರಿದಾದ ಜಾಗವೊಂದನ್ನು ದಿಟ್ಟಿಸಿ, ಅಲ್ಲಿ ತಾನೇ ನಿಂತಿರುವೆನೆಂದು ಭಾವಿಸಿ, ಇನ್ನೂ ಆಡದ ಮಾತಿಗೆ ಸರಿಯಾದ ಹೊತ್ತಿಗೆ ಮುಖ ತಿರುಗಿಸಬೇಕು. ದೊಡ್ಡ ನಟರೇ ಎಡವುವ ಈ ಕೆಲಸದಲ್ಲಿ ಹುಡುಗನ ನೋಟ ಎಲ್ಲಿ ನಾಟುತ್ತದೆ ಎಂಬುದನ್ನು ಗಮನಿಸಿ ನೋಡುವುದೇ ಈ ಚಿತ್ರದ ದೊಡ್ಡ ಸಂತೋಷ. ಆದರೆ ವಿಸಿಡಿಯಲ್ಲಿ ಇದನ್ನು ಗಮನಿಸುವುದು ಕಷ್ಟ. ವಿಸಿಡಿಯ ಚಿತ್ರದಲ್ಲಿ ಅಡ್ಡಲಾಗಿ 352, ಉದ್ದಕ್ಕೆ 288 ಬಿಂದುಗಳಷ್ಟೇ ಇರುತ್ತವೆ. ಆ ಅಳತೆಯಲ್ಲಿ ದೂರದ ಹುಡುಗನ ಕಣ್ಣು ಎರಡು ಕಪ್ಪು ಚುಕ್ಕೆಯಾಗುತ್ತದೆ. ಸಿನಿಮಾ ಎರಡು ಮೂರು ತಟ್ಟೆಗಳಲ್ಲಿ ಹಂಚಿಹೋಗುವುದರಿಂದ ಹಾಡಿನ ಮಧ್ಯದಲ್ಲಿ ಎದ್ದುಹೋಗಿ ತಟ್ಟೆ ಬದಲಿಸುವ ಹಳೆಯ ಶಿಕ್ಷೆಯೂ ಇದೆ. ಆ್ಯಪ್‌ನ ಪ್ರತಿ ಇಲ್ಲಿ ಉತ್ತಮವಾಗಿದೆ ಎಂದು ಒಪ್ಪಬೇಕು. ಹಿಗ್ಗಿಸುವ ಚಾಳಿಯಿಂದ ಹೇಗೋ ಪಾರಾಗಿ ಬಂದಿರುವ ಈ ಪ್ರತಿಯಲ್ಲಿ ಎರಡು ಅರ್ಧಗಳು ಕೂಡುವ ಗೆರೆಯನ್ನೂ ಹುಡುಕಿ ತೆಗೆಯಬಹುದಾದಷ್ಟು ಸ್ಪಷ್ಟತೆಯಿದೆ.

ಇನ್ನು ಹಾಡುಗಳು. ತೆರೆಯ ಮೇಲಿನ ಮಕ್ಕಳಿಗೆ ದೊಡ್ಡ ಗಾಯಕಿಯರು ಹಾಡುವುದು ನಮ್ಮ ಚಿತ್ರರಂಗದ ಹಳೆಯ ಪದ್ಧತಿ, ಎಸ್. ಜಾನಕಿಯವರು ಮಗುವಿನ ದನಿಯಲ್ಲಿ ಹಾಡುವುದರಲ್ಲಿ ಎಷ್ಟು ನಿಪುಣರೆಂದರೆ ಕಣ್ಣುಮುಚ್ಚಿ ಕೇಳಿದರೆ ವ್ಯತ್ಯಾಸವೇ ತಿಳಿಯದು. ಅಂಥ ಕಾಲದಲ್ಲಿ ಈ ಹುಡುಗ ತನ್ನ ಪಾತ್ರಗಳಿಗೆ ತಾನೇ ಹಾಡಿದ. ‘ಭಾಗ್ಯವಂತ’ ಚಿತ್ರದ ‘ಬಾನ ದಾರಿಯಲ್ಲಿ’, ‘ಚಲಿಸುವ ಮೋಡಗಳು’ (1982) ಚಿತ್ರದ ‘ಕಾಣದಂತೆ ಮಾಯವಾದನು’, ‘ಬೆಟ್ಟದ ಹೂವು’ ಚಿತ್ರದ ‘ಬಿಸಿಲೇ ಇರಲಿ’, ಇವೆಲ್ಲ ಆತನ ಕಂಠದವೇ. ಈ ಹಾಡುಗಳ ಗುಣ ಪರಿಣತಿಯಲ್ಲಿಲ್ಲ. ಉಸಿರು ಎಲ್ಲಿ ಸಾಲದಾಗುತ್ತದೆ, ಮೇಲಿನ ಸ್ವರಕ್ಕೆ ಹೋಗುವಾಗ ದನಿ ಎಲ್ಲಿ ತುಸು ತೆಳುವಾಗುತ್ತದೆ ಎಂಬುದೆಲ್ಲ ಕೇಳಿಸುತ್ತದೆ. ಆದ್ದರಿಂದಲೇ ತೆರೆಯ ಮೇಲಿನ ಮಗುವಿಗೂ ಹಾಡಿಗೂ ನಡುವೆ ಬಿರುಕು ಬೀಳುವುದಿಲ್ಲ. ಧ್ವನಿಯನ್ನು ‘ಡಿಜಿಟಲ್ ಆಗಿ ಶುದ್ಧೀಕರಿಸಲಾಗಿದೆ’ ಎಂದು ಹೇಳಿಕೊಳ್ಳುವ ಸಂಗೀತ ಆ್ಯಪ್ ಒಂದರಲ್ಲಿ ಇದೇ ಹಾಡುಗಳನ್ನು ಕೇಳಿದಾಗ, ಹಿಂದಿನ ಸರಸರ ಸದ್ದನ್ನು ತೆಗೆಯುವ ಭರದಲ್ಲಿ ಉಸಿರಾಟವನ್ನೂ ತೆಗೆದುಬಿಟ್ಟಿದ್ದಾರೆ. ದನಿ ನುಣುಪಾಗಿದೆ, ಹುಡುಗ ಹೋಗಿದ್ದಾನೆ. ಸರಸರ ಸದ್ದಿರುವ ಹಳೆಯ ಕ್ಯಾಸೆಟ್ಟಿನ ಪ್ರತಿ ಸಿಕ್ಕಿದರೆ ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ ಪುನೀತ್ ಹಠಾತ್ತನೆ ತೀರಿಕೊಂಡ ನಂತರ ಈ ಹಾಡುಗಳ ಪಾಡೇ ಬದಲಾಯಿತು. ಹಾಡಿನ ಆರಂಭಕ್ಕೆ ಮೊಂಬತ್ತಿಯ ಚಿತ್ರ, ಕೊನೆಗೆ ಅಂತಿಮಯಾತ್ರೆಯ ದೃಶ್ಯ, ನಡುವೆ ಸೇರಿಸಿದ ವಯಲಿನ್ ಇರುವ ತುಣುಕುಗಳೇ ಹುಡುಕುವ ಪಟ್ಟಿಯ ಮೇಲ್ಭಾಗದಲ್ಲಿ ಬರುತ್ತವೆ. ದುಃಖ ನಿಜವಾದದ್ದೇ, ಅಂದು ಕಂಠೀರವ ಕ್ರೀಡಾಂಗಣದ ಹೊರಗೆ ನಿಂತ ಜನಸಾಗರವನ್ನು ಕಂಡವರಾರೂ ಅದನ್ನು ಅಲ್ಲಗಳೆಯಲಾರರು. ಆದರೆ ‘ಚಲಿಸುವ ಮೋಡಗಳು’ ಚಿತ್ರದ ಆ ಹಾಡನ್ನು ಏಳು ವರ್ಷದ ಹುಡುಗ ಹಾಡಿದ್ದು ಲವಲವಿಕೆಯಿಂದ, ಒಂದು ತುಂಟತನದ ಲಯದಲ್ಲಿ. ಅದನ್ನು ಶೋಕಗೀತೆಯ ವೇಗಕ್ಕೆ ಇಳಿಸಿ ಕೇಳಿಸುವುದು ನಟನಿಗೆ ಮಾಡುವ ಗೌರವವಲ್ಲ. ಮೂಲ ಹಾಡನ್ನು ಕೇಳಬೇಕೆನ್ನುವವರು ಬಿಡಿ ತುಣುಕುಗಳನ್ನು ಬಿಟ್ಟು ಇಡೀ ಚಿತ್ರವನ್ನೇ ಹಾಕಿಕೊಂಡು ಹಾಡಿನ ಜಾಗಕ್ಕೆ ಹೋಗುವುದು ಲೇಸು. ‘ಚಲಿಸುವ ಮೋಡಗಳು’ ಮತ್ತು ‘ಎರಡು ನಕ್ಷತ್ರಗಳು’ ಎರಡಕ್ಕೂ ಆತನಿಗೆ ಅತ್ಯುತ್ತಮ ಬಾಲನಟ ರಾಜ್ಯಪ್ರಶಸ್ತಿ ಬಂದಿತ್ತು ಎಂಬುದನ್ನು ಯಾವ ಸೇವೆಯೂ ತನ್ನ ವಿವರಣೆಯಲ್ಲಿ ಬರೆದುಕೊಂಡಿಲ್ಲ.

‘ಬೆಟ್ಟದ ಹೂವು’ ಚಿತ್ರಕ್ಕೆ ಬಂದರೆ, ಇಲ್ಲಿಯವರೆಗೆ ಹೇಳಿದ ಕುಂದುಗಳೆಲ್ಲ ಹಿಂದೆ ಸರಿಯುತ್ತವೆ. ‘ನಾಂದಿ’, ‘ಉಯ್ಯಾಲೆ’, ‘ಅಬಚೂರಿನ ಪೋಸ್ಟಾಫೀಸು’ ಚಿತ್ರಗಳನ್ನು ಕೊಟ್ಟ ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿ, ಪಾರ್ವತಮ್ಮ ರಾಜ್‌ಕುಮಾರ್ ನಿರ್ಮಿಸಿದ ಈ ಚಿತ್ರ ಶರ್ಲಿ ಎಲ್. ಅರೋರಾ ಎಂಬ ಲೇಖಕಿಯ ಇಂಗ್ಲಿಷ್ ಕಾದಂಬರಿಯನ್ನು ಆಧರಿಸಿದ್ದು. ಬೆಟ್ಟದ ಊರಿನ ಬಡ ಹುಡುಗ ರಾಮು ಮನೆಯ ಕಷ್ಟಕ್ಕೆ ಶಾಲೆ ಬಿಟ್ಟು, ವಿದೇಶಿ ಮಹಿಳೆಯೊಬ್ಬಳಿಗೆ ಕಾಡಿನ ಅಪರೂಪದ ಹೂಗಳನ್ನು ತಂದುಕೊಟ್ಟು ಪುಡಿಗಾಸು ಸಂಪಾದಿಸುತ್ತಾನೆ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಪುಸ್ತಕವನ್ನು ಕೊಳ್ಳಬೇಕೆಂಬುದು ಅವನ ಆಸೆ. ಕೊನೆಗೆ ಕೂಡಿಟ್ಟ ಹಣದಲ್ಲಿ ಅವನು ಮನೆಯವರಿಗಾಗಿ ಕಂಬಳಿ ಕೊಳ್ಳುತ್ತಾನೆ. ಕಥೆ ಇಷ್ಟೇ. ತಾರಾಮೌಲ್ಯದ ತಂದೆ ಜೊತೆಗಿಲ್ಲ, ದೇವರ ಪವಾಡವಿಲ್ಲ, ದ್ವಿಪಾತ್ರದ ಚಮತ್ಕಾರವಿಲ್ಲ. ಹತ್ತು ವರ್ಷದ ಹುಡುಗನೊಬ್ಬ ಚಿತ್ರದ ಉದ್ದಕ್ಕೂ ಕಥೆಯನ್ನು ತಾನೊಬ್ಬನೇ ಹೊತ್ತು ನಡೆಯಬೇಕು.

ಈ ಪಾತ್ರದಲ್ಲಿ ಪುನೀತ್ ಮಾಡುವ ಅತ್ಯುತ್ತಮ ಕೆಲಸವೆಂದರೆ ಆಸೆಯನ್ನು ತೋರಿಸುವ ರೀತಿ. ಬಡತನದ ಪಾತ್ರ ಸಿಕ್ಕಿದ ಬಾಲನಟರಿಂದ ನಿರ್ದೇಶಕರು ಮೊದಲು ಕೇಳುವುದು ಕಣ್ಣೀರು. ಮಗು ಅತ್ತರೆ ಪ್ರೇಕ್ಷಕರೂ ಅಳುತ್ತಾರೆ ಎಂಬುದು ಸುಲಭದ ಲೆಕ್ಕ. ಇಲ್ಲಿ ಹುಡುಗ ಅಳುವುದಕ್ಕಿಂತ ಹೆಚ್ಚಾಗಿ ಎಣಿಸುತ್ತಾನೆ. ಎಷ್ಟು ಕೂಡಿತು, ಇನ್ನೆಷ್ಟು ಬೇಕು ಎಂಬ ಲೆಕ್ಕ ಸದಾ ಅವನ ಮುಖದಲ್ಲಿ ನಡೆಯುತ್ತಲೇ ಇರುತ್ತದೆ. ಪುಸ್ತಕವನ್ನು ಬಿಟ್ಟು ಕಂಬಳಿಯನ್ನು ಆರಿಸಿಕೊಳ್ಳುವುದು ತ್ಯಾಗವೆಂಬ ದೊಡ್ಡ ಮಾತಾಗಿ ತೋರದೆ, ಮನೆಯ ಹಿರಿಯ ಮಗನೊಬ್ಬ ಹಾಕಿದ ಇನ್ನೊಂದು ಲೆಕ್ಕವಾಗಿ ತೋರುವುದರಿಂದಲೇ ನೋಡುವವರ ಗಂಟಲು ಕಟ್ಟುತ್ತದೆ. 33ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಬಾಲನಟ ಪ್ರಶಸ್ತಿ ಈ ಪಾತ್ರಕ್ಕೆ ಬಂತು. ಪ್ರಶಸ್ತಿಗಳೆಲ್ಲ ಅರ್ಹರಿಗೇ ಸಿಗುತ್ತವೆಂದು ನಾನೇನೂ ನಂಬುವವನಲ್ಲ. ಇದು ಮಾತ್ರ ಅರ್ಹವಾದದ್ದು.

ಪ್ರತಿಯ ಗುಣಮಟ್ಟ? ಮೂರು ದಾರಿಗಳಲ್ಲಿ ಸಿಕ್ಕ ಮೂರೂ ಪ್ರತಿಗಳು ಒಂದೇ ಮೂಲದಿಂದ ಬಂದಂತಿವೆ. ಒಂದೇ ಕಡೆ ಒಂದೇ ಗೀರು, ಒಂದೇ ಕಡೆ ಮಾತು ಅರ್ಧಕ್ಕೆ ತುಂಡಾಗುವುದು. ಹಸಿರೇ ಪ್ರಾಣವಾಗಿರಬೇಕಾದ ಚಿತ್ರದಲ್ಲಿ ಕಾಡು ಕಂದು ಬಣ್ಣಕ್ಕೆ ತಿರುಗಿದೆ. ಕತ್ತಲಿನ ದೃಶ್ಯಗಳಲ್ಲಿ ಆ್ಯಪ್‌ನವರು ಕಡತದ ಗಾತ್ರ ಕುಗ್ಗಿಸಿರುವ ವಿಡಿಯೊ ಚೌಕಚೌಕವಾಗಿ ಒಡೆಯುತ್ತದೆ. ಡಿವಿಡಿ ಇದ್ದವರು ಅದನ್ನೇ ನೋಡಬಹುದು, ಅಲ್ಲಿ ಕತ್ತಲು ಕತ್ತಲಾಗಿಯೇ ಇದೆ. ಕನ್ನಡ ಬಾರದ ಗೆಳೆಯರಿಗೆ ತೋರಿಸೋಣವೆಂದರೆ ಯಾವುದರಲ್ಲೂ ಅಡಿಬರಹವಿಲ್ಲ. ರಾಷ್ಟ್ರಪ್ರಶಸ್ತಿ ಪಡೆದ ಚಿತ್ರವೊಂದಕ್ಕೆ ಅಡಿಬರಹ ಬರೆಸುವ ಖರ್ಚು, ಅದೇ ಆ್ಯಪ್ ತನ್ನ ಹೊಸ ವೆಬ್ ಸರಣಿಯೊಂದರ ಹೋರ್ಡಿಂಗ್‌ಗೆ ಮಾಡುವ ಖರ್ಚಿನ ಮುಂದೆ ಏನೂ ಅಲ್ಲ ಎಂದು ಯಾರಾದರೂ ಊಹಿಸಬಹುದು.

ಹಳೆಯ ಕನ್ನಡ ಚಿತ್ರಗಳಿಗೆ ಹಣ ಹಾಕುವವರೇ ಇಲ್ಲ ಎಂಬ ಸಬೂಬನ್ನು ಈಗ ಒಪ್ಪುವಂತಿಲ್ಲ. ಕಪ್ಪುಬಿಳುಪಿನ ‘ಸತ್ಯ ಹರಿಶ್ಚಂದ್ರ’ 2008ರಲ್ಲಿಯೂ ‘ಕಸ್ತೂರಿ ನಿವಾಸ’ 2014ರಲ್ಲಿಯೂ ಬಣ್ಣ ತುಂಬಿಕೊಂಡು ಚಿತ್ರಮಂದಿರಕ್ಕೆ ಬಂದವು. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ 4ಕೆ ಗುಣಮಟ್ಟದಲ್ಲಿ ಪುನರುಜ್ಜೀವನಗೊಂಡು 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಪುನೀತ್ ಅವರ 50ನೆಯ ಹುಟ್ಟುಹಬ್ಬದ ಹೊತ್ತಿಗೆ, 2025ರ ಮಾರ್ಚ್‌ನಲ್ಲಿ, ‘ಅಪ್ಪು’ ಮರುಬಿಡುಗಡೆಯಾಗಿ ಹೊಸ ತಲೆಮಾರು ಸೀಟಿ ಹೊಡೆಯಿತು. ಅಂದರೆ ತಂತ್ರಜ್ಞಾನವಿದೆ, ಮಾರುಕಟ್ಟೆಯಿದೆ, ಪ್ರೀತಿಯಂತೂ ಬೇಕಾದಷ್ಟಿದೆ. ಈ ಮೂರೂ ಇದ್ದು ಬಾಲ್ಯದ ಚಿತ್ರಗಳು ಹೀಗೆ ಬಿದ್ದಿರುವುದಕ್ಕೆ ಕಾರಣ, ಅವುಗಳನ್ನು ನಾವು ಪೀಠಿಕೆಯೆಂದು ಭಾವಿಸಿರುವುದೇ ಎಂದು ನನಗೆ ತೋರುತ್ತದೆ. ಪೀಠಿಕೆಯನ್ನು ಓದದಿದ್ದರೂ ನಡೆಯುತ್ತದೆ ಎಂಬ ಉದಾಸೀನ ಅದು.

ಇದರಲ್ಲಿ ಇನ್ನೊಂದು ವಿಪರ್ಯಾಸವೂ ಇದೆ. ಕನ್ನಡ ಚಿತ್ರಗಳನ್ನು ನೇರವಾಗಿ ಓಟಿಟಿಯಲ್ಲಿ ಬಿಡುಗಡೆ ಮಾಡುವ ಧೈರ್ಯವನ್ನು ಮೊದಲು ತೋರಿದ ನಿರ್ಮಾಪಕರಲ್ಲಿ ಪುನೀತ್ ಒಬ್ಬರು. ಚಿತ್ರಮಂದಿರಗಳು ಮುಚ್ಚಿದ್ದ 2020ರ ಜುಲೈನಲ್ಲಿ ಅವರ ಪಿಆರ್‌ಕೆ ಪ್ರೊಡಕ್ಷನ್ಸ್ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಚಿತ್ರಗಳನ್ನು ಮನೆಯ ಪರದೆಗೇ ತಂದಿತ್ತು. ಹೊಸಬರ ಚಿತ್ರಗಳಿಗೆ ಅಷ್ಟು ಚೊಕ್ಕವಾದ ದಾರಿ ಮಾಡಿಕೊಟ್ಟವರ ಸ್ವಂತ ಬಾಲ್ಯ, ಅದೇ ಮನೆಯ ಪರದೆಯ ಮೇಲೆ ಗಲ್ಲ ಕತ್ತರಿಸಿಕೊಂಡು ನಿಂತಿದೆ.

ಬಾಲನಟರು ದೊಡ್ಡವರಾದ ಮೇಲೆ ಏನಾಗುತ್ತಾರೆ ಎಂಬ ಕುತೂಹಲದಿಂದ ಈ ಚಿತ್ರಗಳಿಗೆ ಬರುವವರೂ ಇದ್ದಾರೆ. ಅವರಿಗೆ ಹೋಲಿಕೆಗೆ ಸಾಕಷ್ಟು ಸಾಮಗ್ರಿ ಇದೆ. ‘ಚಿನ್ನಾರಿ ಮುತ್ತ’ (1993) ಮತ್ತು ರಾಷ್ಟ್ರಪ್ರಶಸ್ತಿ ತಂದ ‘ಕೊಟ್ರೇಶಿ ಕನಸು’ ಚಿತ್ರಗಳ ವಿಜಯ್ ರಾಘವೇಂದ್ರ ಅವರು ‘ನಿನಗಾಗಿ’ಯ ಮೂಲಕ ನಾಯಕರಾದದ್ದೂ 2002ರಲ್ಲಿಯೇ, ‘ಅಪ್ಪು’ ಬಂದ ವರ್ಷದಲ್ಲಿಯೇ. ‘ಮಾಲ್ಗುಡಿ ಡೇಸ್’ನ ಸ್ವಾಮಿಯಾಗಿ ಮನೆಮನೆಗೆ ಪರಿಚಿತರಾಗಿದ್ದ ಮಾಸ್ಟರ್ ಮಂಜುನಾಥ್, ಹಿಂದಿಯ ‘ಅಗ್ನಿಪಥ್’ (1990) ಮತ್ತು ತೆಲುಗಿನ ‘ಸ್ವಾತಿ ಕಿರಣಂ’ (1992) ವರೆಗೆ ಹೋಗಿ, ಆಮೇಲೆ ನಟನೆಯನ್ನೇ ಬಿಟ್ಟು ಬೇರೆ ವೃತ್ತಿ ಹಿಡಿದರು. ಅವರು ನಟಿಸುವುದನ್ನು ನಿಲ್ಲಿಸಿದ್ದರಿಂದ ಸ್ವಾಮಿಯ ಪಾತ್ರ ಕಿಂಚಿತ್ತೂ ಕುಗ್ಗಲಿಲ್ಲ. ನಾವು ಆ ಹುಡುಗನನ್ನು ಆ ಹುಡುಗನಾಗಿಯೇ ನೆನೆಯುತ್ತೇವೆ. ಪುನೀತ್ ಅವರ ವಿಷಯದಲ್ಲಿ ಈ ಅನುಕೂಲ ಇಲ್ಲ. ‘ಅಪ್ಪು’, ‘ಅರಸು’, ‘ಮಿಲನ’, ‘ಜಾಕಿ’, ‘ರಾಜಕುಮಾರ’ ಚಿತ್ರಗಳ ನಾಯಕ, ‘ಕನ್ನಡದ ಕೋಟ್ಯಧಿಪತಿ’ಯ ನಿರೂಪಕ, ಕರ್ನಾಟಕ ರತ್ನ ಪುರಸ್ಕೃತ, ಇವರೆಲ್ಲರೂ ಸೇರಿ ರಾಮುವನ್ನು ಮರೆಮಾಡಿ ನಿಂತಿದ್ದಾರೆ.

ಹದಿಮೂರು ವರ್ಷಗಳ ಆ ಬಿಡುವಿನ ಬಗ್ಗೆ ಎಲ್ಲ ಸೇವೆಗಳೂ ಮೌನವಾಗಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ. ದನಿ ಒಡೆಯುವ, ಮೈ ಬೆಳೆಯುವ ವಯಸ್ಸಿನ ಹುಡುಗನನ್ನು ಮಗುವಿನ ಪಾತ್ರಕ್ಕೂ ಹೊಂದಿಸಲಾಗದೆ ನಾಯಕನ ಪಾತ್ರಕ್ಕೂ ಹೊಂದಿಸಲಾಗದೆ ಒದ್ದಾಡಿಸುವುದು ಚಿತ್ರರಂಗದಲ್ಲಿ ಹೊಸದೇನಲ್ಲ. ಪುನೀತ್ ಅವರ ಪಾಲಿಗೆ ಆ ಒದ್ದಾಟದ ಚಿತ್ರಗಳು ಇಲ್ಲ. 14ರಲ್ಲಿ ನಿಂತು 27ರಲ್ಲಿ ಮರಳಿದರು. ಇಡೀ ಪಟ್ಟಿಯನ್ನು ಕ್ರಮವಾಗಿ ನೋಡಿದಾಗ ‘ಪರಶುರಾಮ್’ನಿಂದ ‘ಅಪ್ಪು’ವಿಗೆ ಬರುವುದು ಒಬ್ಬ ನಟನಿಂದ ಇನ್ನೊಬ್ಬ ನಟನಿಗೆ ಬಂದಂತೆ ಇರುತ್ತದೆ. ಹೊಡೆದಾಟ, ಕುಣಿತಗಳಲ್ಲಿ ಮಿಂಚುವ ಈ ಎರಡನೆಯವನಲ್ಲಿ ಮೊದಲಿನವನನ್ನು ಹುಡುಕಬೇಕೆಂದರೆ, ಅವರು ಎದುರಿನವರ ಮಾತನ್ನು ಕೇಳಿಸಿಕೊಳ್ಳುವ ದೃಶ್ಯಗಳನ್ನು ನೋಡಬೇಕು.

ಚಂದಾ ಕಟ್ಟಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ: ಈ ಚಿತ್ರಗಳಿಗಾಗಿ ಮಾತ್ರ ಎಂದಾದರೆ ವರ್ಷದ ಚಂದಾ ದಂಡ, ಒಂದು ತಿಂಗಳದ್ದು ಸಾಕು. ಆ ತಿಂಗಳಿನಲ್ಲಿ ‘ಎರಡು ನಕ್ಷತ್ರಗಳು’ ಮತ್ತು ‘ಚಲಿಸುವ ಮೋಡಗಳು’ ಚಿತ್ರಗಳನ್ನು ಆ್ಯಪ್‌ನಲ್ಲಿ ನೋಡಿ, ‘ಭಕ್ತ ಪ್ರಹ್ಲಾದ’ವನ್ನು ಉಚಿತ ಪ್ರತಿಯಲ್ಲಿ, ‘ಬೆಟ್ಟದ ಹೂವು’ ಚಿತ್ರವನ್ನು ಸಾಧ್ಯವಾದರೆ ಡಿವಿಡಿಯಲ್ಲಿ ನೋಡುವುದು ಲಾಭದಾಯಕ. ‘ಯಾರಿವನು’ (1984) ಬಿಡುವಿದ್ದರೆ ನೋಡಬಹುದು. ಟಿವಿಯ ಸೆಟ್ಟಿಂಗ್‌ನಲ್ಲಿ ಚಿತ್ರದ ಆಕಾರವನ್ನು 4:3ಕ್ಕೆ ಬದಲಿಸಿಕೊಂಡರೆ, ಅಡ್ಡಡ್ಡ ಎಳೆದು ಎಲ್ಲರನ್ನೂ ದಪ್ಪಗೆ ಮಾಡಿರುವ ಪ್ರತಿಗಳು ಸರಿಹೋಗುತ್ತವೆ. ಕತ್ತರಿಸಿರುವ ಪ್ರತಿಗಳಿಗೆ ಇದರಿಂದ ಉಪಯೋಗವಿಲ್ಲ. ಆ್ಯಪ್‌ನ ಗ್ರಾಹಕ ಸೇವೆಗೆ ತಾರಾಗಣದ ಪಟ್ಟಿಯ ತಪ್ಪನ್ನು ಬರೆದು ತಿಳಿಸಿದ್ದೆ. ‘ನಿಮ್ಮ ಸಲಹೆಗೆ ಧನ್ಯವಾದ’ ಎಂಬ ಉತ್ತರ ಕೂಡಲೇ ಬಂತು. ಪಟ್ಟಿ ಇನ್ನೂ ಹಾಗೆಯೇ ಇದೆ.